ಟಾಮ್ ಅಂಡ್ ಜೆರ್ರಿಯ ಮೂವತ್ತೆಂಟನೇ ಚಿತ್ರ

ಇಲ್ಲಿ ಏನೂ ಗೀಚದೆ ಮೂರು ತಿಂಗಳ ಮೇಲಾಯಿತು. ಬೈಯಬೇಡಿ. ಕಳೆದ ಡಿಸೆಂಬರ್ ಕೊನೆಯಲ್ಲಿ ಅಣ್ಣನ ಮಗ ರಜೆಗೆ ಅಂತ ಅಮೆರಿಕಾದಿಂದ ಬಂದಿದ್ದ. ಬರುವಾಗ ಅವರಪ್ಪ ಕಳಿಸಿದ ಒಂದು ಡಬ್ಬಿ ತಂದುಕೊಟ್ಟ. ಅದರೊಳಗಿನ ವಸ್ತುವಿಗೆ ನಾನು ಹನ್ನೆರಡು ವರ್ಷ ಕಾದಿದ್ದೆ, ಅದರ ಸಲುವಾಗಿ ಅಣ್ಣನ ಹತ್ತಿರ ಜಗಳವನ್ನೂ ಆಡಿದ್ದೆ. ಹಾಗಾಗಿ ಈ ಕಥೆಯನ್ನು ಮೊದಲಿಂದ ಹೇಳಬೇಕು ಅನ್ನಿಸಿತು. ಸ್ವಲ್ಪ ಉದ್ದ ಇದೆ. ಕಾಫಿ ಮಾಡಿಕೊಂಡೇ ಬನ್ನಿ :)

ಡಬ್ಬಿಯಲ್ಲಿ ಇದ್ದದ್ದು ಟಾಮ್ ಅಂಡ್ ಜೆರ್ರಿ. ನಗಬೇಡಿ. ಹೌದು, ಅದೇ ಬೆಕ್ಕು ಇಲಿ.

ನಮ್ಮ ತಲೆಮಾರಿನ ಬಹಳ ಜನರ ಹಾಗೆ ನನಗೂ ಇವರಿಬ್ಬರು ಪರಿಚಯ ಆಗಿದ್ದು ಕೇಬಲ್ ಟೀವಿಯಿಂದ. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂತು. ಆಗ ಅದು ಅರ್ಧ ದಿನದ ಚಾನೆಲ್. ರಾತ್ರಿಯಾದರೆ ಕಾರ್ಟೂನು ಮಾಯವಾಗಿ ಅದೇ ಜಾಗದಲ್ಲಿ ಟಿಎನ್‌ಟಿ ಅಂತ ಹಳೇ ಇಂಗ್ಲಿಷ್ ಸಿನಿಮಾಗಳು ಶುರುವಾಗುತ್ತಿದ್ದವು. ಸಾಗರದ ನಮ್ಮ ಮನೆಯಲ್ಲಿ ಅಜ್ಜನಿಗೆ ಕಿವಿ ಮಂದ. ಅವರ ಪಾಲಿಗೆ ಟೀವಿಯ ಧಾರಾವಾಹಿಗಳೆಲ್ಲ ಮೂಕಿ ಚಿತ್ರಗಳೇ. ಯಾರು ಯಾಕೆ ಅಳುತ್ತಿದ್ದಾರೆ ಅಂತ ಪದೇ ಪದೇ ಕೇಳಿ, ನಾವು ಕೂಗಿ ಹೇಳಿ, ಕೊನೆಗೆ ಎದ್ದು ಜಗಲಿಗೆ ಹೋಗಿ ಕೂರುತ್ತಿದ್ದರು. ಟಾಮ್ ಅಂಡ್ ಜೆರ್ರಿ ಬಂದರೆ ಮಾತ್ರ ಅವರೂ ನಾವೂ ಸರಿಸಮ. ಬಾತುಕೋಳಿ ಮರಿ ಬರುವ ಕಥೆಗಳೆಂದರೆ ಅವರಿಗೆ ಪ್ರಾಣ. ಅದು ಯಾವ ಭಾಷೆ ಅಂತ ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ.

ಆಗ ನಮಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಇವು ಟೀವಿಗೆ ಮಾಡಿದವೇ ಅಲ್ಲ, ಮಕ್ಕಳಿಗೆ ಅಂತ ಮಾಡಿದವೂ ಅಲ್ಲ. ಸಿನಿಮಾ ಮಂದಿರದಲ್ಲಿ ಮುಖ್ಯ ಚಿತ್ರಕ್ಕೆ ಮುಂಚೆ ಏಳೆಂಟು ನಿಮಿಷ ತೋರಿಸಲು ಎಂಜಿಎಂ ಸ್ಟುಡಿಯೋದವರು ಮಾಡಿಸಿದ ಚಿತ್ರಗಳು. ವಿಲಿಯಂ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ ಇಬ್ಬರೂ ಸೇರಿ 1940ರಿಂದ 1958ರವರೆಗೆ ಇಂಥ 114 ಚಿತ್ರ ನಿರ್ದೇಶಿಸಿದರು. ಅದರಲ್ಲಿ ಏಳಕ್ಕೆ ಆಸ್ಕರ್ ಬಂತು. ವೇದಿಕೆ ಹತ್ತಿ ಪ್ರತಿಮೆ ಇಸಕೊಂಡವರು ಮಾತ್ರ ನಿರ್ಮಾಪಕ ಫ್ರೆಡ್ ಕ್ವಿಂಬಿ! ಸ್ಕಾಟ್ ಬ್ರಾಡ್ಲಿ ಅನ್ನುವವರ ಸಂಗೀತ ಇಲ್ಲದಿದ್ದರೆ ಅರ್ಧಕ್ಕರ್ಧ ನಗು ಹುಟ್ಟುತ್ತಲೇ ಇರಲಿಲ್ಲ. ಪಾಪ, ಅಜ್ಜ ಆ ಅರ್ಧವನ್ನು ಕಳೆದುಕೊಂಡೇ ಅಷ್ಟು ನಗುತ್ತಿದ್ದರು.

ಮೊಟ್ಟಮೊದಲ ಚಿತ್ರ 'ಪಸ್ ಗೆಟ್ಸ್ ದ ಬೂಟ್' ಬಂದದ್ದು 1940ರ ಫೆಬ್ರುವರಿ 10ಕ್ಕೆ. ಅದರಲ್ಲಿ ಬೆಕ್ಕಿನ ಹೆಸರು ಟಾಮ್ ಅಲ್ಲ, ಜಾಸ್ಪರ್. ತೆರೆಯ ಮೇಲೆ ಹ್ಯಾನಾ ಹೆಸರೂ ಇಲ್ಲ, ಬಾರ್ಬೆರಾ ಹೆಸರೂ ಇಲ್ಲ. ರುಡಾಲ್ಫ್ ಐಸಿಂಗ್ ಅನ್ನುವ ಹಿರಿಯರ ಹೆಸರೊಂದೇ ಇದೆ. ಇಂಥ ವಿವರಗಳನ್ನು ಹುಡುಕಿ ಹುಡುಕಿ ಇಟ್ಟುಕೊಳ್ಳುವ ಒಂದು ಜಾತಿಯ ಜನ ಇದ್ದಾರೆ. ನಾನೂ ಆ ಜಾತಿಗೆ ಸೇರಿಹೋದೆ. ಎಲ್ಲಾ ಶುರುವಾಗಿದ್ದು ಡಿವಿಡಿಯಿಂದ.

ಡಿವಿಡಿಗೆ ಬರುವ ಮುಂಚೆ ಈ ಚಿತ್ರಗಳ ಆಸ್ತಿಪತ್ರದ ಕಥೆ ಸ್ವಲ್ಪ ಹೇಳಬೇಕು. 1986ರಲ್ಲಿ ಟೆಡ್ ಟರ್ನರ್ ಎಂಜಿಎಂ ಕಂಪನಿಯನ್ನೇ ಕೊಂಡ. ಸಾಲ ಹೆಚ್ಚಾಗಿ ಉಳಿದದ್ದನ್ನೆಲ್ಲ ಬೇಗನೇ ಮಾರಿದರೂ ಹಳೇ ಚಿತ್ರಗಳ ಭಂಡಾರವನ್ನು ಮಾತ್ರ ಕೈಬಿಡಲಿಲ್ಲ. ಆ ಭಂಡಾರ ಇದ್ದದ್ದಕ್ಕೇ 1992ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಹುಟ್ಟಿದ್ದು, ಆಮೇಲೆ ಸಾಗರದ ತನಕ ಬೆಕ್ಕು ಇಲಿ ಬಂದದ್ದು. 1996ರಲ್ಲಿ ಟರ್ನರ್ ಕಂಪನಿ ಟೈಮ್ ವಾರ್ನರ್ ಜೊತೆ ಸೇರಿತು. ಹಾಗೆ ಟಾಮ್, ಜೆರ್ರಿ, ಬಗ್ಸ್ ಬನ್ನಿ, ಕಪ್ಪುಬಿಳುಪು ಪೊಪಾಯ್ ಎಲ್ಲರೂ ಒಂದೇ ಸೂರಿನಡಿ ಬಂದರು. ಅಂದರೆ ಹಳೇ ಅಮೆರಿಕನ್ ಕಾರ್ಟೂನಿನ ಪ್ರೇಮಿಗಳು ಕಾಯಬೇಕಾದ ಬಾಗಿಲು ಹೆಚ್ಚುಕಮ್ಮಿ ಒಂದೇ ಆಯಿತು. ಡಿಸ್ನಿ ಬಾಗಿಲು ಬೇರೆ, ಅದನ್ನು ಇವತ್ತು ಬಿಡೋಣ.

ಬಾಗಿಲು ಒಂದೇ ಆದಾಗ ಅದರ ಮುಂದೆ ಕಾಯುವವರು ಏನು ಮಾಡುತ್ತಾರೆ? ಒಳಗೆ ಏನು ನಡೆಯುತ್ತಿದೆ ಅಂತ ಊಹಿಸುತ್ತಾರೆ. ಯಾವ ಸೆಟ್ ಯಾವಾಗ ಬರುತ್ತೆ, ಯಾವ ಚಿತ್ರ ಇರುತ್ತೆ, ಕತ್ತರಿ ಬಿದ್ದಿರುತ್ತೋ ಇಲ್ಲವೋ, ಮೂಲ ಶೀರ್ಷಿಕೆ ಸಿಕ್ಕಿದೆಯೋ ಇಲ್ಲವೋ... ಈ ಊಹೆಗಳೇ ಒಂದು ಶಾಸ್ತ್ರ ಆಗಿಬಿಟ್ಟಿದೆ. ನಮ್ಮಲ್ಲಿ ಪಂಚಾಂಗ ನೋಡಿ ಮಳೆ ಹೇಳುವವರ ಹಾಗೆ. ಟೀವಿಯಲ್ಲಿ ಯಾವುದೋ ಚಿತ್ರದ ಹೊಸ ಸ್ವಚ್ಛ ಪ್ರತಿ ಕಂಡರೆ 'ಓ, ಡಿವಿಡಿಗೆ ತಯಾರಿ ನಡೀತಿದೆ'. ಮುಂದಿನ ವರ್ಷ ಎಪ್ಪತ್ತೈದು ತುಂಬುತ್ತೆ ಅಂದರೆ 'ಓ, ಆಗ ಬಂದೇ ಬರುತ್ತೆ'. ಲೂನಿ ಟ್ಯೂನ್ಸ್ ಸೆಟ್ಟುಗಳಿಗೆ ಸಲಹೆಗಾರರಾಗಿದ್ದ ಒಬ್ಬ ಕಾರ್ಟೂನ್ ಇತಿಹಾಸಕಾರರಿದ್ದಾರೆ. ಅವರು ಎಲ್ಲಾದರೂ ಬಾಯಿ ಬಿಟ್ಟರೆ ಒಂದೊಂದು ಮಾತನ್ನೂ ಜರಡಿ ಹಿಡಿಯುತ್ತಾರೆ. ಅವರ ಹೆಸರು ಜೆರ್ರಿ ಬೆಕ್. ಇಲಿಯ ಹೆಸರು ಮುಂದೆ, ಬೆಕ್ಕು ಹಿಂದೆ! ಕನ್ನಡದವರಿಗೆ ಮಾತ್ರ ಸಿಗುವ ಈ ಮಜಾ ಅವರಿಗೇ ಗೊತ್ತಿರಲಿಕ್ಕಿಲ್ಲ.

ಒಮ್ಮೊಮ್ಮೆ ಶಾಸ್ತ್ರ ನಿಜವೂ ಆಗುತ್ತಿತ್ತು. ಪೊಪಾಯ್ ಪಾತ್ರದ ಹಕ್ಕು ಕಿಂಗ್ ಫೀಚರ್ಸ್ ಹತ್ತಿರ, ಚಿತ್ರಗಳ ಹಕ್ಕು ಸುತ್ತಿ ಬಳಸಿ ವಾರ್ನರ್ ಹತ್ತಿರ. ಇಬ್ಬರೂ ಒಪ್ಪದೆ ಡಿಸ್ಕ್ ಇಲ್ಲ. 1933ರಲ್ಲಿ ಶುರುವಾದ ಚಿತ್ರಗಳು ಮನೆ ಸೇರುವಂಥ ಒಳ್ಳೆಯ ಪ್ರತಿಗಳಾಗಿ ಬರಲು 2007ರ ತನಕ ಕಾಯಬೇಕಾಯಿತು. ಬಂದಾಗ ಮಾತ್ರ ಅರವತ್ತು ಚಿತ್ರ, ವರ್ಷಾನುಕ್ರಮದಲ್ಲಿ, ಕತ್ತರಿ ಇಲ್ಲದೆ. ಕಾದವರ ಎದೆ ಉಬ್ಬಿತು. ಒಮ್ಮೊಮ್ಮೆ ಶಾಸ್ತ್ರ ಸುಳ್ಳಾಗುತ್ತಿತ್ತು. ಕರಿಯರನ್ನು ಕೀಳಾಗಿ ಚಿತ್ರಿಸಿದ್ದಾರೆ ಅಂತ 1968ರಲ್ಲಿ ಯುನೈಟೆಡ್ ಆರ್ಟಿಸ್ಟ್ಸ್‌ನವರು ವಾರ್ನರ್‌ನ ಹಳೇ ಕಾರ್ಟೂನುಗಳಲ್ಲಿ ಹನ್ನೊಂದನ್ನು ಪೂರ್ತಿ ಎತ್ತಿಟ್ಟರು. 2010ರಲ್ಲಿ ಹಾಲಿವುಡ್‌ನ ಒಂದು ಚಿತ್ರೋತ್ಸವದಲ್ಲಿ ಅವುಗಳಲ್ಲಿ ಎಂಟನ್ನು ದೊಡ್ಡ ಪರದೆಗೆ ಹಾಕಿದರು. ಇನ್ನೇನು ಡಿವಿಡಿ ಬಂತು ಅಂತ ಎಲ್ಲರೂ ದುಡ್ಡು ಎಣಿಸಿಟ್ಟುಕೊಂಡರು. ಬರಲಿಲ್ಲ.

ನಮ್ಮ ಬೆಕ್ಕು ಇಲಿಯ ಕಥೆ ಇವೆರಡರ ನಡುವಿನದು.

ಟಾಮ್ ಅಂಡ್ ಜೆರ್ರಿ 'ಸ್ಪಾಟ್‌ಲೈಟ್ ಕಲೆಕ್ಷನ್' ಅಂತ 2004, 2005, 2007ರಲ್ಲಿ ಮೂರು ಡಿವಿಡಿ ಸೆಟ್ ಬಂತು. ಆಗಷ್ಟೇ ನ್ಯೂಜೆರ್ಸಿಗೆ ಹೋಗಿದ್ದ ಅಣ್ಣ ಮೊದಲನೆಯದನ್ನು ಕಳಿಸಿದ. ನಮ್ಮ ಪ್ಲೇಯರಿಗೆ ಹಾಕಿದರೆ ಓಡಲಿಲ್ಲ. ಅಮೆರಿಕಾ ರೀಜನ್ 1, ನಾವು ರೀಜನ್ 5. ಎಸ್.ಪಿ. ರೋಡಿನ ಒಬ್ಬ ಹುಡುಗ ರಿಮೋಟಿನಲ್ಲಿ ಏನೋ ನಾಲ್ಕು ಗುಂಡಿ ಒತ್ತಿ, ಐವತ್ತು ರೂಪಾಯಿ ಇಸಕೊಂಡು, 'ಇನ್ನು ಪ್ರಪಂಚದಲ್ಲಿರೋ ಯಾವುದನ್ನಾದ್ರೂ ಹಾಕಿ ಸಾರ್' ಅಂದ. ಹಾಕಿದೆ. ಆದರೆ ಸೆಟ್ಟೇ ಅಷ್ಟಕ್ಕಷ್ಟೆ. ಚಿತ್ರಗಳು ವರ್ಷದ ಕ್ರಮದಲ್ಲಿ ಇಲ್ಲ. ಮಸುಕು ಪ್ರತಿಗಳು. ಕೆಲವಕ್ಕೆ ಕತ್ತರಿ. ಮೂರೂ ಸೆಟ್ ಬಂದು ಮುಗಿದ ಮೇಲೆ ಲೆಕ್ಕ ಹಾಕಿದರೆ 1948ರ 'ಮೌಸ್ ಕ್ಲೀನಿಂಗ್', 1951ರ 'ಕ್ಯಾಸನೋವಾ ಕ್ಯಾಟ್' ಎರಡೂ ಎಲ್ಲೂ ಇಲ್ಲ.

ಮಸುಕು ಪ್ರತಿಗಳಿಗೆ ಒಂದು ಸಕಾರಣ ಇತ್ತು, ಅದು ಬೆಂಕಿ. 1950ರ ದಶಕದ ಶುರುವಿನ ತನಕ ಸಿನಿಮಾ ರೀಲು ಅಂದರೆ ನೈಟ್ರೇಟ್, ಕಡ್ಡಿ ಗೀರಿದರೆ ಸಾಕು, ಭಗ್ ಅನ್ನುವಂಥದ್ದು. ಎಂಜಿಎಂನವರು ತಮ್ಮ ಹಳೇ ನೈಟ್ರೇಟ್ ನೆಗೆಟಿವ್‌ಗಳನ್ನು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಊರಿನ ಜಾರ್ಜ್ ಈಸ್ಟ್‌ಮನ್ ಹೌಸ್ ಸಂಗ್ರಹಾಲಯಕ್ಕೆ ಕೊಟ್ಟಿದ್ದರು. 1978ರ ಮೇ 29ರಂದು ಅಲ್ಲಿ ಬೆಂಕಿ ಬಿದ್ದು 329 ಚಿತ್ರಗಳ ಮೂಲ ನೆಗೆಟಿವ್ ಸುಟ್ಟುಹೋಯಿತು. ಟಾಮ್ ಅಂಡ್ ಜೆರ್ರಿಯ ಹಳೆಯ ಕಂತುಗಳೂ ಅದರಲ್ಲಿ ಹೋದವು. ಇನ್ನು ಉಳಿದ ನಕಲುಗಳೇ ಗತಿ. ಸಾಲದ್ದಕ್ಕೆ, ಹಳೇ ಚಿತ್ರಗಳನ್ನು ಮತ್ತೆ ಮಂದಿರಕ್ಕೆ ಬಿಡುವಾಗ ಎಂಜಿಎಂನವರೇ ಶುರುವಿನ ಶೀರ್ಷಿಕೆ ಕಿತ್ತು ಹೊಸದು ಅಂಟಿಸುತ್ತಿದ್ದರು. ಹಾಗಾಗಿ ಎಷ್ಟೋ ಚಿತ್ರಗಳ ಮೂಲ ಶೀರ್ಷಿಕೆ ನೋಡಿದವರೇ ಇಲ್ಲ. ಯಾವನೋ ಸಂಗ್ರಾಹಕನ ಅಟ್ಟದಲ್ಲಿ ಒಂದು ರೀಲು ಸಿಕ್ಕರೆ ಆ ಹತ್ತು ಸೆಕೆಂಡಿಗೆ ಹಬ್ಬ.

ಆದರೆ ಆ ಎರಡು ಚಿತ್ರ ಬಿಟ್ಟುಹೋಗಿದ್ದಕ್ಕೆ ಬೆಂಕಿ ಕಾರಣ ಅಲ್ಲ. 1990ರ ದಶಕದಲ್ಲಿ ಲೇಸರ್‌ಡಿಸ್ಕ್ ಅಂತ ತಟ್ಟೆಯಗಲದ ಡಿಸ್ಕುಗಳಿದ್ದವಲ್ಲ, ಅದರಲ್ಲಿ ಇವೆರಡೂ ಬಂದಿದ್ದವು. ಪ್ರತಿ ಇತ್ತು. ಇರಲಿಲ್ಲದ್ದು ಮನಸ್ಸು.

'ಮೌಸ್ ಕ್ಲೀನಿಂಗ್' ನಿಮಗೆ ನೆನಪಿರಬಹುದು. ಮನೆಯೊಡತಿಯ ಮುಖ ಕಾಣಿಸದ ಆ ದಪ್ಪ ಕಾಲಿನ ಹೆಂಗಸು ನೆಲ ಒರೆಸಿ ಫಳಫಳ ಮಾಡಿ, 'ನಾನು ಬರೋದರೊಳಗೆ ಒಂದು ಕಲೆ ಕಂಡರೆ ನೀನು ಹೊರಗೆ' ಅಂತ ಟಾಮ್‌ಗೆ ಹೇಳಿ ಹೋಗುತ್ತಾಳೆ. ಜೆರ್ರಿ ಕೇಳಿಸಿಕೊಳ್ಳುತ್ತಾನೆ. ಅಷ್ಟು ಸಾಕಲ್ಲ! ಶಾಯಿ, ಮೊಟ್ಟೆ, ಕೈಗೆ ಸಿಕ್ಕಿದ್ದೆಲ್ಲ ನೆಲಕ್ಕೆ. ಟಾಮ್ ಒರೆಸಿದ್ದೇ ಒರೆಸಿದ್ದು. ಕೊನೆಗೆ ಒಂದು ಲೋಡು ಕಲ್ಲಿದ್ದಲು ಕಿಟಕಿಯಿಂದ ಮನೆಯೊಳಗೆ ಸುರಿಯುತ್ತದೆ. ಸಗಣಿ ಸಾರಿಸಿದ ನೆಲಕ್ಕೆ ಕಾಲಿಟ್ಟು ಅಮ್ಮನ ಕೈಲಿ ಏಟು ತಿಂದವರಿಗೆಲ್ಲ ಇದು ಸ್ವಂತ ಕಥೆ ಅನ್ನಿಸದೆ ಇರುತ್ತದೆಯೇ?

ಟೀವಿಯಲ್ಲಿ ನಾನು ನೋಡಿದ್ದ ನೆನಪು ಕಲ್ಲಿದ್ದಲು ಸುರಿಯುವಲ್ಲಿಗೆ ಮುಗಿಯುತ್ತದೆ. ಮುಂದೆ ಒಂದು ತುಣುಕು ಇದೆ. ಕಲ್ಲಿದ್ದಲ ರಾಶಿಯಿಂದ ಟಾಮ್ ಏಳುತ್ತಾನೆ, ಮೈಯೆಲ್ಲ ಕಪ್ಪು. ಬೆಕ್ಕನ್ನು ಕಂಡೆಯಾ ಅಂತ ಆಕೆ ಕೇಳುತ್ತಾಳೆ. ಟಾಮ್ ಆಗ ಸೋಮಾರಿ, ಪೆದ್ದ ಕರಿಯನ ಹಾಗೆ ನಡೆದು, ಆ ಕಾಲದ ಸಿನಿಮಾಗಳಲ್ಲಿ ಕರಿಯ ಆಳುಗಳ ಬಾಯಲ್ಲಿ ತುರುಕುತ್ತಿದ್ದ ಎಳೆದೆಳೆದ ದನಿಯಲ್ಲಿ, ಇಲ್ಲವಲ್ಲ ಅನ್ನುತ್ತಾನೆ. ಅದೇ ತಮಾಷೆ. 'ಕ್ಯಾಸನೋವಾ ಕ್ಯಾಟ್'ನಲ್ಲಿ ಟಾಮ್ ಜೆರ್ರಿಯ ಮುಖಕ್ಕೆ ಚುಟ್ಟಾ ಹೊಗೆ ಊದಿ ಕಪ್ಪು ಮಾಡಿ, ಕಾದ ತಗಡಿನ ಮೇಲೆ ಕುಣಿಸುತ್ತಾನೆ.

ನಮ್ಮಲ್ಲಿ ಮುಖಕ್ಕೆ ಮಸಿ ಬಳಿಯೋದು ಅಂದರೆ ಒಬ್ಬ ಮನುಷ್ಯನಿಗೆ ಮಾಡುವ ಅವಮಾನ. ಅವನು ತೊಳೆದುಕೊಂಡರೆ ಮುಗಿಯಿತು. ಅಮೆರಿಕಾದ ಮಸಿಯ ಕಥೆ ಬೇರೆ. ಹತ್ತೊಂಬತ್ತನೇ ಶತಮಾನದಲ್ಲಿ ಬಿಳಿಯ ನಟರು ಸುಟ್ಟ ಬಿರಡೆಯ ಮಸಿ ಮುಖಕ್ಕೆ ಮೆತ್ತಿಕೊಂಡು, ಕರಿಯರೆಂದರೆ ಹೀಗೇ ಅಂತ ಹಾಡಿ ಕುಣಿದು ದುಡ್ಡು ಮಾಡಿದರು. ಆ ಆಟದ ಬಾಲ ಸಿನಿಮಾಕ್ಕೆ ಬಂತು, ಅಲ್ಲಿಂದ ಕಾರ್ಟೂನಿಗೆ ಬಂತು. ಬಾಂಬು ಸಿಡಿದು ಟಾಮ್ ಮುಖ ಕಪ್ಪಾದಾಗಲೆಲ್ಲ ನಾನು, ಅಣ್ಣ, ಅಜ್ಜ ಬಿದ್ದು ಬಿದ್ದು ನಕ್ಕಿದ್ದೇವೆ. ನಮಗೆ ಅದು ಬರೀ ಮಸಿ. ಅರ್ಥ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ.

ಆ ದಪ್ಪ ಕಾಲಿನ ಹೆಂಗಸಿನ ಕಥೆಯೂ ಇದೇ. ಆಕೆಗೆ ದನಿ ಕೊಟ್ಟಿದ್ದು ಲಿಲಿಯನ್ ರಾಂಡಾಲ್ಫ್ ಅನ್ನುವ ಕರಿಯ ನಟಿ. 1960ರ ದಶಕದಲ್ಲಿ ಟೀವಿಗೆ ಬೇಕು ಅಂತ ಕೆಲವು ಚಿತ್ರಗಳಲ್ಲಿ ಆಕೆಯನ್ನು ಪೂರ್ತಿ ಅಳಿಸಿ ಒಬ್ಬ ತೆಳ್ಳಗಿನ ಬಿಳಿ ಹೆಂಗಸನ್ನು ಬರೆದರು, ಐರಿಷ್ ಉಚ್ಚಾರದ ದನಿ ಅಂಟಿಸಿದರು. 1990ರ ದಶಕದಲ್ಲಿ ಟರ್ನರ್‌ನವರು ಚಿತ್ರ ಹಾಗೇ ಬಿಟ್ಟು ದನಿ ಮಾತ್ರ ಬದಲಿಸಿದರು, ತಿಯಾ ವಿಡಾಲೆ ಅನ್ನುವವರಿಂದ. ಸಾಗರದಲ್ಲಿ ನಾವು ಕೇಳಿದ್ದು ಬಹುಶಃ ಆ ಎರಡನೇ ದನಿಯೇ. ಹೀಗೆ ತಿದ್ದಿದ್ದು, ಕತ್ತರಿಸಿದ್ದು, ಮತ್ತೆ ಡಬ್ ಮಾಡಿದ್ದು ಎಲ್ಲ ಸೇರಿ, ಮಂದಿರದಲ್ಲಿ ಮೊದಲ ದಿನ ಜನ ಏನು ನೋಡಿದರು ಅನ್ನುವುದೇ ಕೈಗೆ ಸಿಗದ ಹಾಗಾಗಿತ್ತು. ಸಂಗ್ರಾಹಕರ ಹಟಕ್ಕೆ ಮೂಲ ಇದು. ಅವರೆಲ್ಲ ಆ ತಮಾಷೆಯನ್ನು ಇಷ್ಟಪಡುವವರು ಅಂತ ತಿಳಿಯಬೇಡಿ (ಅಂಥವರೂ ಕೆಲವರು ಇದ್ದರು, ಸುಳ್ಳು ಯಾಕೆ ಹೇಳಲಿ).

ಹೀಗಿರುವಾಗ 2011ರ ಅಕ್ಟೋಬರ್ 25ಕ್ಕೆ 'ಟಾಮ್ ಅಂಡ್ ಜೆರ್ರಿ ಗೋಲ್ಡನ್ ಕಲೆಕ್ಷನ್, ಸಂಪುಟ 1' ಬಂತು, ಬ್ಲೂ-ರೇಯಲ್ಲಿ. ಮೊದಲ ಚಿತ್ರದಿಂದ ಹಿಡಿದು ವರ್ಷಾನುಕ್ರಮದಲ್ಲಿ 37. ಹೊಸದಾಗಿ ಸ್ವಚ್ಛ ಮಾಡಿದ ಪ್ರತಿ. ಕತ್ತರಿ ಇಲ್ಲ. 1946ರ 'ಮಿಲ್ಕಿ ವೇಫ್' ಅನ್ನುವ ಚಿತ್ರದಲ್ಲಿ ಜೆರ್ರಿಯೂ ಅವನ ಮರಿ ಜೊತೆಗಾರನೂ ಬೂಟ್ ಪಾಲಿಶ್ ಮೆತ್ತಿಕೊಳ್ಳುವ ತುಣುಕಿದೆ, ಅದೂ ಹಾಗೇ ಇತ್ತು. ಅಣ್ಣ ಕೊಂಡುಕೊಟ್ಟ. ನಾನು ಎಷ್ಟು ಸಂತೋಷಪಟ್ಟೆ ಅಂದರೆ, ಡಬ್ಬಿಯ ಮೇಲಿನ 'ಸಂಪುಟ 1' ಅನ್ನುವ ಆ '1' ಇದೆಯಲ್ಲ, ಅದನ್ನೇ ಒಂದು ಪ್ರಮಾಣಪತ್ರ ಅಂತ ನಂಬಿದೆ. ಒಂದು ಅಂದರೆ ಎರಡು ಇದೆ ಅಂತ ಅರ್ಥ ತಾನೇ?

ಈಗ ಶಾಸ್ತ್ರಜ್ಞರ ಕಣ್ಣು ಒಂದು ಸಂಗತಿಯ ಮೇಲೆ ಬಿತ್ತು. ಸಂಪುಟ 1 ಮುಗಿದದ್ದು 1948ರ ಅಕ್ಟೋಬರಿನ 'ಪ್ರೊಫೆಸರ್ ಟಾಮ್'ಗೆ, ಅದು 37ನೆಯದು. 38ನೆಯದು ಯಾವುದು? 1948ರ ಡಿಸೆಂಬರಿನ 'ಮೌಸ್ ಕ್ಲೀನಿಂಗ್'! ಸರಿಯಾಗಿ ಹೊಸ್ತಿಲ ಮೇಲೆ ನಿಲ್ಲಿಸಿದ್ದಾರೆ. ಇದು ಕಾಕತಾಳೀಯವೋ, ಯಾರೋ ಬೇಕಂತಲೇ ಎಣಿಸಿ ನಿಲ್ಲಿಸಿದ್ದೋ? ವಾದ ಶುರು. 'ಮಿಲ್ಕಿ ವೇಫ್ ಹಾಕಿದವರು ಇದನ್ನೂ ಹಾಕುತ್ತಾರೆ' ಅಂತ ಒಂದು ಪಕ್ಷ. 'ಹಾಕುವುದಾಗಿದ್ದರೆ ಇಲ್ಲಿಗೇ ನಿಲ್ಲಿಸುತ್ತಿರಲಿಲ್ಲ' ಅಂತ ಇನ್ನೊಂದು. ನಾನು ಮೊದಲನೇ ಪಕ್ಷ, ಬಹಳ ಜೋರಾಗಿ.

2013ರಲ್ಲಿ ಸಂಪುಟ 2 ಘೋಷಣೆ ಆಯಿತು. ಜೂನ್ 11ಕ್ಕೆ ಬಿಡುಗಡೆ ಅಂತ ಪಟ್ಟಿ ಬಂತು. ಪಟ್ಟಿಯಲ್ಲಿ ಎರಡೂ ಇಲ್ಲ.

ಆಮೇಲೆ ನಡೆದದ್ದನ್ನು ಹೇಳುವಾಗ ನನಗೆ ಈಗ ಸ್ವಲ್ಪ ನಾಚಿಕೆ. ಅಮೆಜಾನಿನಲ್ಲಿ ಮುಂಗಡ ಮಾರಾಟದ ಪುಟ ತೆರೆದಿತ್ತು. ಅಭಿಮಾನಿಗಳೆಲ್ಲ ಅಲ್ಲಿಗೆ ಹೋಗಿ, ಇನ್ನೂ ಹುಟ್ಟದ ಡಿಸ್ಕಿಗೆ ಒಂದೊಂದೇ ನಕ್ಷತ್ರ ಕೊಡತೊಡಗಿದರು. ಕತ್ತರಿಸಿದ ಸಂಗ್ರಹ ಬೇಡ, ಪೂರ್ತಿ ಕೊಡಿ, ಇಲ್ಲವಾದರೆ ಕೊಳ್ಳುವುದಿಲ್ಲ. ನಾನೂ ಒಂದು ನಕ್ಷತ್ರ ಒತ್ತಿದೆ. ಉದ್ದಕ್ಕೆ ಬರೆದೆ ಕೂಡ, ಇತಿಹಾಸ, ಪ್ರಾಮಾಣಿಕತೆ ಅಂತೆಲ್ಲ. ಕೆಲವು ವಾರಗಳಲ್ಲಿ ಬಿಡುಗಡೆ ಮುಂದೂಡಿತು, ಆಮೇಲೆ ಪಟ್ಟಿಯಿಂದಲೇ ಮಾಯವಾಯಿತು. ಗೆದ್ದೆವು ಅಂದುಕೊಂಡೆವು. ಇನ್ನೊಂದು ಆರು ತಿಂಗಳಲ್ಲಿ ಪೂರ್ತಿ ಸೆಟ್ ಬರುತ್ತೆ ಅನ್ನುವುದು ನಮ್ಮ ಶಾಸ್ತ್ರ.

ಆ ಭಾನುವಾರ ಅಣ್ಣನ ಫೋನು ಬಂತು. ಹೆಮ್ಮೆಯಿಂದ ಹೇಳಿದೆ.

"ಒಂದು ನಕ್ಷತ್ರ ಕೊಟ್ಯಾ? ಡಿಸ್ಕ್ ನೋಡಿದ್ಯಾ?"

"ಇನ್ನೂ ಬಂದೇ ಇಲ್ವಲ್ಲೋ."

"ಮತ್ತೆ?"

ನಾನು ವಾದ ಹೂಡಿದೆ. ಹಿಂದೆ ನಡೆದದ್ದನ್ನು ಅಳಿಸಿದರೆ ನಡೆದೇ ಇಲ್ಲ ಅಂದ ಹಾಗಾಗುತ್ತೆ ಅಂತ. ಈ ಮಾತು ನನ್ನದಲ್ಲ. ಲೂನಿ ಟ್ಯೂನ್ಸಿನ ಮೂರನೇ ಸಂಪುಟದ ಶುರುವಿನಲ್ಲಿ ವೂಪಿ ಗೋಲ್ಡ್‌ಬರ್ಗ್ ಕೂತು ಹೇಳುವುದರ ಸಾರವೂ ಇದೇ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮಗನ ಸುದ್ದಿ ಹೇಳಿದ. ಮಗನಿಗೆ ಆಗ ಎಂಟು ವರ್ಷ. ಹಿಂದಿನ ವಾರ ಶಾಲೆಯಲ್ಲಿ ಒಬ್ಬ ಹುಡುಗ ಇವನ ಕೈ ಹಿಡಿದು ಬೆರಳಲ್ಲಿ ತಿಕ್ಕಿ ತಿಕ್ಕಿ, 'ಇದು ಹೋಗಲ್ವಾ?' ಅಂತ ಕೇಳಿದ್ದನಂತೆ. ಕೆಟ್ಟ ಹುಡುಗನೇನಲ್ಲವಂತೆ, ಸುಮ್ಮನೆ ಕೇಳಿದ್ದು. ಮಗ ಮನೆಗೆ ಬಂದು ಬಚ್ಚಲಲ್ಲಿ ಬಹಳ ಹೊತ್ತು ಇದ್ದನಂತೆ.

"ನೀನು ಬೆಂಗಳೂರಲ್ಲಿ ಕೂತು ಇತಿಹಾಸ ಉಳಿಸ್ತೀಯ ಮಾರಾಯ. ಇಲ್ಲಿ ರಿಮೋಟು ಅವನ ಕೈಲಿರುತ್ತೆ."

ಇದು ಮಕ್ಕಳ ಸೆಟ್ ಅಲ್ಲ, ಸಂಗ್ರಾಹಕರದ್ದು ಅಂದೆ. ಅಂಗಡಿಯಲ್ಲಿ ಎಲ್ಲಿಟ್ಟಿರ್ತಾರೆ ಗೊತ್ತಾ ನಿಂಗೆ, ಮಕ್ಕಳ ಸಾಲಲ್ಲಿ, ಗೊಂಬೆ ಪಕ್ಕದಲ್ಲಿ ಅಂದ. ನಾನು ಏನೋ ಒರಟಾಗಿ ಅಂದೆ. ಅವನೂ ಅಂದ. ಆಮೇಲೆ ಎಷ್ಟೋ ವರ್ಷ ನಮ್ಮ ಮಾತಿನಲ್ಲಿ ಅಮ್ಮನ ಸಕ್ಕರೆ ಕಾಯಿಲೆ, ಅಡಿಕೆ ರೇಟು, ಮಳೆ ಎಲ್ಲ ಬರುತ್ತಿತ್ತು. ಕಾರ್ಟೂನು ಮಾತ್ರ ಬರಲಿಲ್ಲ.

ಸಂಪುಟ 2 ಕೂಡ ಬರಲಿಲ್ಲ.

2015ಕ್ಕೆ ಟಾಮ್ ಅಂಡ್ ಜೆರ್ರಿಗೆ ಎಪ್ಪತ್ತೈದು ತುಂಬಿತು. ಆಗ ಬರುತ್ತೆ ಅಂದರು. ಬಂದದ್ದು ಜೀನ್ ಡೈಚ್ 1960ರ ದಶಕದ ಶುರುವಿನಲ್ಲಿ ಪ್ರಾಗ್‌ನಲ್ಲಿ ಮಾಡಿದ ಆ ವಿಚಿತ್ರ ಹದಿಮೂರು ಚಿತ್ರಗಳ ಡಿವಿಡಿ (ಆ ಪ್ರತಿಧ್ವನಿಯ ಸದ್ದು ಕೇಳಿದರೆ ಈಗಲೂ ನನಗೆ ತಲೆನೋವು). ಚಕ್ ಜೋನ್ಸ್ ಮಾಡಿದ ಮೂವತ್ತನಾಲ್ಕು ಅದಕ್ಕೂ ಮೊದಲೇ 2009ರಲ್ಲಿ ಬಂದಾಗಿತ್ತು. ಅಂದರೆ ಯಾರೂ ಅಷ್ಟಾಗಿ ಕೇಳದ ಟಾಮ್ ಅಂಡ್ ಜೆರ್ರಿ ಪೂರ್ತಿ ಸಿಗುತ್ತದೆ, ಎಲ್ಲರೂ ಕೇಳುವ ಟಾಮ್ ಅಂಡ್ ಜೆರ್ರಿ 37ಕ್ಕೆ ನಿಂತಿದೆ! 2020ಕ್ಕೆ ಎಂಬತ್ತು. ಆಗಲೂ ಬರಲಿಲ್ಲ. 2021ರಲ್ಲಿ ದೊಡ್ಡ ಸಿನಿಮಾ ಬಂತು, ಅದರ ಜೊತೆಗಾದರೂ ಬಿಡುತ್ತಾರೆ ಅಂದರು. ಉಹುಂ.

ಮತ್ತೆ ಬೆಂಕಿಯ ಕಥೆ ಎತ್ತಿದವರೂ ಇದ್ದರು. ನೆಗೆಟಿವ್ ಇಲ್ಲದ ಚಿತ್ರಕ್ಕೆ ಬ್ಲೂ-ರೇ ಮಾಡಿದರೆ ಖರ್ಚು ಗಿಟ್ಟುವುದಿಲ್ಲ ಅಂತ. ಆದರೆ 2020 ಮತ್ತು 2021ರಲ್ಲಿ ವಾರ್ನರ್ ಆರ್ಕೈವ್‌ನವರು ಟೆಕ್ಸ್ ಎವರಿಯ ಚಿತ್ರಗಳ ಮೂರು ಬ್ಲೂ-ರೇ ಬಿಟ್ಟರು. ಅದೇ ಎಂಜಿಎಂ, ಅದೇ ಕಾಲ, ಅದೇ ನೈಟ್ರೇಟ್. ಅವು ಅಷ್ಟು ಚೆನ್ನಾಗಿ ಬಂದ ಮೇಲೆ ಬೆಂಕಿಯ ಮಾತಿಗೆ ಬಲ ಉಳಿಯಲಿಲ್ಲ.

ಆ ವರ್ಷಗಳಲ್ಲಿ ನನ್ನ ತಲೆಯಲ್ಲಿ ಒಂದು ಲೆಕ್ಕ ಕೊರೆಯುತ್ತಿತ್ತು. 114ರಲ್ಲಿ 37 ಕಳೆದರೆ 77. ಆ ಎಪ್ಪತ್ತೇಳರಲ್ಲಿ ತಕರಾರಿನವು ಬೆರಳೆಣಿಕೆಯಷ್ಟು. ಉಳಿದವು, ಅಂದರೆ ಬಾತುಕೋಳಿ ಮರಿಯ ಚಿತ್ರಗಳು, ಮಸ್ಕೆಟೀರ್ ಇಲಿಗಳು, ವಿಯೆನ್ನಾದ ಯೋಹಾನ್ ಮೌಸ್, ಆಸ್ಕರ್ ಪಡೆದವೇ ಮೂರು, ಎಲ್ಲವೂ ಮಸುಕು ಪ್ರತಿಯಲ್ಲೇ ಕೂತವು. ನಾವು ಒತ್ತಿದ ನಕ್ಷತ್ರಗಳ ಫಲ ಅಂತ ಖಂಡಿತವಾಗಿ ಹೇಳಲಾರೆ, ಕಂಪನಿಗಳು ಒಂದೇ ಕಾರಣಕ್ಕೆ ಏನನ್ನೂ ಮಾಡುವುದಿಲ್ಲ. ಆದರೆ ನೋಡದ ವಸ್ತುವಿಗೆ ನಾನು ಮಾರ್ಕು ಹಾಕಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಪೂರ್ತಿ ಬೇಕು ಅಂತ ಕೇಳಿದ್ದು ತಪ್ಪು ಅಂತ ಈಗಲೂ ಅನ್ನಿಸಿಲ್ಲ. ಅಜ್ಜ 2016ರಲ್ಲಿ ಹೋದರು. ಕೊನೆಯ ಸಲ ಅವರಿಗೆ ಬಾತುಕೋಳಿ ಮರಿ ತೋರಿಸಿದ್ದು ಆ ಹಳೇ ಸ್ಪಾಟ್‌ಲೈಟ್ ಡಿಸ್ಕಿನಲ್ಲೇ. ಅವರಿಗೆ ಮಸುಕು ಗಿಸುಕು ಏನೂ ತಿಳಿಯಲಿಲ್ಲ, ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದರು.

2025ರ ಅಕ್ಟೋಬರಿನ ಒಂದು ಬೆಳಗ್ಗೆ ಎದ್ದು ಮೊಬೈಲ್ ನೋಡಿದರೆ ಅಣ್ಣನ ಸಂದೇಶ. ಒಂದು ಕೊಂಡಿ, ಅಷ್ಟೇ. 'ಟಾಮ್ ಅಂಡ್ ಜೆರ್ರಿ: ದ ಗೋಲ್ಡನ್ ಎರಾ ಆಂಥಾಲಜಿ'. ಎಂಬತ್ತೈದನೇ ವರ್ಷಕ್ಕೆ ಅಂತ ಹ್ಯಾನಾ ಬಾರ್ಬೆರಾರ 114 ಚಿತ್ರಗಳೂ ಬ್ಲೂ-ರೇಯಲ್ಲಿ, ವರ್ಷಾನುಕ್ರಮದಲ್ಲಿ, ಡಿಸೆಂಬರ್ 2ಕ್ಕೆ. 'ಮೌಸ್ ಕ್ಲೀನಿಂಗ್' ಇದೆ. 'ಕ್ಯಾಸನೋವಾ ಕ್ಯಾಟ್' ಇದೆ. ಟೀವಿಯಲ್ಲಿ ಯಾವತ್ತೂ ನೆಟ್ಟಗೆ ತೋರಿಸದ, ನರಭಕ್ಷಕರ ದ್ವೀಪದ 'ಹಿಸ್ ಮೌಸ್ ಫ್ರೈಡೇ' ಕೂಡ ಇದೆ. ಎಲ್ಲಾ ಶಾಸ್ತ್ರಜ್ಞರೂ ಕೈಚೆಲ್ಲಿ ಕೂತಿದ್ದಾಗ ಬಂತು!

ಅವತ್ತು ಸಂಜೆ ಅವನಿಗೆ ಫೋನ್ ಮಾಡಿದೆ. ಹನ್ನೆರಡು ವರ್ಷದ ಮೇಲೆ ಮೊದಲ ಸಲ ಕಾರ್ಟೂನಿನ ಮಾತು. 2013ರಲ್ಲಿ ತೆಪ್ಪಗೆ ಕೊಂಡಿದ್ದರೆ ಇವತ್ತು ಇದು ಬರುತ್ತಲೇ ಇರಲಿಲ್ಲ, ಎರಡು ಚಿತ್ರ ಇಲ್ಲದ ಸೆಟ್ಟೇ ಕೊನೆಯಾಗುತ್ತಿತ್ತು ಅಂತ ನಾನು. ಅಣ್ಣ ಒಪ್ಪಲಿಲ್ಲ. ಅವನ ಊಹೆ ಬೇರೆ, ನನಗೆ ಅದೇ ಹೆಚ್ಚು ಸರಿ ಅನ್ನಿಸುತ್ತೆ ಈಗ. 2013ರಲ್ಲಿ ಡಿಸ್ಕ್ ಅಂದರೆ ಇನ್ನೂ ಮನೆಮನೆಯ ವಸ್ತು, ಅಮ್ಮಂದಿರು ಸಾಮಾನು ತರಲು ಹೋದಾಗ ಮಗುವಿಗೆ ಅಂತ ಬುಟ್ಟಿಗೆ ಹಾಕಿಕೊಳ್ಳುತ್ತಿದ್ದದ್ದು. 2025ರ ಹೊತ್ತಿಗೆ ಮಕ್ಕಳು ಡಿಸ್ಕ್ ಮುಟ್ಟುವುದೇ ಇಲ್ಲ. ಕೊಳ್ಳುವವರು ನಮ್ಮಂಥ ಬೋಳುತಲೆಯವರು ಮಾತ್ರ. "ಯಾವ ಮಗುವಿನ ಕೈಗೂ ಸಿಗಲ್ಲ ಅಂತ ಗ್ಯಾರಂಟಿ ಆದ್ಮೇಲೆ ಬಿಟ್ಟಿದಾರೆ ಕಣೋ. ನಿನ್ನ ನಕ್ಷತ್ರಕ್ಕೆ ಹೆದರಿ ಅಲ್ಲ."

ಆಮೇಲೆ, "ಎರಡು ಹೇಳಿದೀನಿ, ಒಂದು ನಿಂಗೆ" ಅಂದ.

ಅದನ್ನೇ ಅವನ ಮಗ ತಂದದ್ದು. ಹುಡುಗನಿಗೆ ಈಗ ಇಪ್ಪತ್ತು. ನನಗಿಂತ ಒಂದು ಗೇಣು ಎತ್ತರ. ಮನೆಯಲ್ಲಿ ಬ್ಲೂ-ರೇ ಪ್ಲೇಯರ್ ಇಲ್ಲ, ಕಂಪ್ಯೂಟರಿಗೆ ಸಿಕ್ಕಿಸುವ ಡ್ರೈವ್ ಒಂದಿತ್ತು. ಅದನ್ನು ಟೀವಿಗೆ ಜೋಡಿಸುವಷ್ಟರಲ್ಲಿ ನನ್ನ ಅರ್ಧ ಆಯುಷ್ಯ ಮುಗಿಯಿತು, ಅವನು ಎರಡು ನಿಮಿಷದಲ್ಲಿ ಮಾಡಿದ. ಎಲ್ಲಿಂದ ಶುರು ಮಾಡೋಣ ಚಿಕ್ಕಪ್ಪ ಅಂದ. ಮೂವತ್ತೆಂಟು ಅಂದೆ.

ನೆಲ ಫಳಫಳ ಹೊಳೆಯಿತು. ಅಷ್ಟು ಹೊಳಪಿನಲ್ಲಿ ನಾನು ಅದನ್ನು ನೋಡಿರಲೇ ಇಲ್ಲ. ಲಿಲಿಯನ್ ರಾಂಡಾಲ್ಫ್ ಅವರದೇ ದನಿ. ಮೊಟ್ಟೆಗಳಿಗೆ ಹುಡುಗ ನಕ್ಕ. ಶಾಯಿಗೆ ಜೋರಾಗಿ ನಕ್ಕ. ಒಳಗೆ ಅಮ್ಮ ತರಕಾರಿ ಹೆಚ್ಚುತ್ತಿದ್ದವರು ಏನದು ಅಂತ ಬಂದು ಬಾಗಿಲಲ್ಲಿ ನಿಂತರು. ಕಲ್ಲಿದ್ದಲು ಸುರಿಯಿತು. ಟಾಮ್ ಎದ್ದ, ಆ ನಡಿಗೆ ನಡೆದ, ಆ ದನಿ ತೆಗೆದ. ಅದು ಎಷ್ಟು ಹೊತ್ತು ಇದೆ ಅಂತ ನಾನು ಯಾವತ್ತೂ ಎಣಿಸಿರಲಿಲ್ಲ. ಅವತ್ತು ಬಹಳ ಉದ್ದ ಅನ್ನಿಸಿತು. ನಾನು ಪರದೆ ನೋಡಲಿಲ್ಲ, ಹುಡುಗನ ಕೈ ನೋಡುತ್ತಿದ್ದೆ. ಕೈ ರಿಮೋಟಿನ ಮೇಲೆ ಸುಮ್ಮನಿತ್ತು.

ಮುಗಿಯಿತು. ಅಮ್ಮ, "ಪಾಪ, ಅಷ್ಟು ಒರೆಸಿದ್ದೆಲ್ಲ ದಂಡ ಆಯ್ತಲ್ಲ" ಅಂತ ಒಳಗೆ ಹೋದರು.

"ಚಿಕ್ಕಪ್ಪ, ನೀವೂ ಅಪ್ಪನೂ ಇದಕ್ಕಾ ಜಗಳ ಆಡಿದ್ದು?"

"ಹೂಂ."

"ಅಪ್ಪ ನಂಗೆ ಆ ಸ್ಕೂಲ್ ಕಥೆ ಹೇಳಿದ್ರು. ನಂಗೆ ನೆನಪೇ ಇಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಬಚ್ಚಲಲ್ಲಿ ಇದ್ದಿದ್ದು ನೆನಪಿದೆ" ಅಂದ.

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ನಿಲ್ಲಿಸೋಣವಾ ಅಂತ ಕೇಳಿದೆ. ಬೇಡ, ನೋಡೋಣ ಅಂತ ಅವನೇ ಮುಂದಿನದು ಒತ್ತಿದ. 39, 'ಪೋಲ್ಕಾ-ಡಾಟ್ ಪಸ್', 1949. ಮಲಗಿದ್ದ ಟಾಮ್‌ನ ಮುಖಕ್ಕೆ ಜೆರ್ರಿ ಕುಂಚ ಹಿಡಿದು ಕೆಂಪು ಚುಕ್ಕೆ ಇಡುತ್ತಾನೆ, ದಡಾರ ಬಂದಿದೆ ಅಂತ ಹೆದರಿಸಲಿಕ್ಕೆ. ಮೊದಲ ಚುಕ್ಕೆಗೇ ಹುಡುಗ ಸೋಫಾದಿಂದ ಕೆಳಗೆ ಜಾರಿ ಕೂತು ನಗತೊಡಗಿದ.